ರಷ್ಯಾದ ಯಾವ ಊರು? ಕ್ಯಾಮೆರಾ ಹಿಡಿದು ಹೊರಡುವವರಿಗೊಂದು ಹೋಲಿಕೆ

ರಷ್ಯಾಕ್ಕೆ ಹೊರಡುವ ನಮ್ಮವರ ಯೋಜನೆ ಸಾಮಾನ್ಯವಾಗಿ ಮಾಸ್ಕೋ ಮತ್ತು ಸೇಂಟ್ ಪೀಟರ್ಸ್‌ಬರ್ಗ್ ಎಂಬ ಎರಡು ಹೆಸರುಗಳಲ್ಲೇ ಮುಗಿದುಹೋಗುತ್ತದೆ. ಕೆಂಪು ಚೌಕ, ಕ್ರೆಮ್ಲಿನ್, ಹರ್ಮಿಟಾಜ್ ಕಲಾಸಂಗ್ರಹಾಲಯ, ಪೀಟರ್‌ಹಾಫ್‌ನ ಕಾರಂಜಿಗಳು, ಒಂದು ಬ್ಯಾಲೆ ಪ್ರದರ್ಶನ. ಪ್ರವಾಸ ಸಂಸ್ಥೆಗಳ ಪಟ್ಟಿಯೂ ಇದೇ ಜಾಡಿನಲ್ಲಿ ಸಾಗುತ್ತದೆ. ಸ್ಮಾರಕಗಳನ್ನು ನೋಡಿ ಬರುವುದಷ್ಟೇ ಉದ್ದೇಶವಾದರೆ ಈ ಪಟ್ಟಿಯಲ್ಲಿ ಕೊರತೆಯೇನೂ ಇಲ್ಲ. ಆದರೆ ಅಲ್ಲಿನ ಜನ ಬೆಳಗ್ಗೆ ಕೆಲಸಕ್ಕೆ ಹೇಗೆ ಹೋಗುತ್ತಾರೆ, ಮಧ್ಯಾಹ್ನ ಎಲ್ಲಿ ಉಣ್ಣುತ್ತಾರೆ, ಸಂಜೆ ಯಾವ ಬೆಂಚಿನ ಮೇಲೆ ಕುಳಿತು ಹರಟುತ್ತಾರೆ ಎಂಬುದನ್ನು ಕಂಡು ಚಿತ್ರವಾಗಿ ಉಳಿಸಿಕೊಳ್ಳಬೇಕೆನ್ನುವವರು ಊರನ್ನು ಬೇರೆಯೇ ಅಳತೆಗೋಲಿನಿಂದ ಆರಿಸಬೇಕಾಗುತ್ತದೆ. ಈ ಬರಹ ಅಂಥವರಿಗಾಗಿ.

ಆ ಅಳತೆಗೋಲು ಯಾವುದೆಂದರೆ, ಒಂದು ಊರಿನ ದೈನಂದಿನ ಬದುಕು ಹೊರಗಿನವನ ಕಣ್ಣಿಗೆ ಎಷ್ಟರಮಟ್ಟಿಗೆ ಸಿಗುತ್ತದೆ ಎಂಬುದು. ನಮ್ಮ ಊರುಗಳಲ್ಲಿ ಬದುಕಿನ ಅರ್ಧ ಭಾಗ ಜಗಲಿಯ ಮೇಲೆ, ಅಂಗಡಿಯ ಮುಂದೆ, ಬೀದಿಯಲ್ಲೇ ನಡೆಯುವುದರಿಂದ ಅದನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ರಷ್ಯಾದಲ್ಲಿ ವರ್ಷದ ಐದಾರು ತಿಂಗಳು ಚಳಿ ಜನರನ್ನು ಒಳಗೆ ಕೂರಿಸುತ್ತದೆ. ಸೋವಿಯತ್ ಕಾಲದ ವಸತಿ ಕಟ್ಟಡಗಳಲ್ಲಿ ಪ್ರವೇಶದ್ವಾರಗಳು ಸಾಮಾನ್ಯವಾಗಿ ಬೀದಿಯ ಕಡೆಗಿರದೆ ಒಳ ಅಂಗಳದ ಕಡೆಗೆ ಇರುತ್ತವೆ. ಅವಕ್ಕೆ ಸಂಕೇತಸಂಖ್ಯೆಯ ಬೀಗ ಹಾಕಿದ ಉಕ್ಕಿನ ಬಾಗಿಲು. ಬೇಸಿಗೆ ಬಂತೆಂದರೆ ನಗರದ ಬಹಳಷ್ಟು ಜನ ವಾರಾಂತ್ಯದಲ್ಲಿ ಊರಾಚೆಯ ತೋಟದ ಮನೆಗೆ, ಅಂದರೆ ದಾಚಾಕ್ಕೆ, ಹೋಗಿಬಿಡುತ್ತಾರೆ. ಹಾಗಾಗಿ ಮುಖ್ಯ ಬೀದಿಯಲ್ಲಿ ಇಡೀ ದಿನ ನಡೆದರೂ ಅಂದವಾದ ಮುಖಮಂಟಪಗಳೂ ಇತರ ಪ್ರವಾಸಿಗರೂ ಮಾತ್ರ ಕಣ್ಣಿಗೆ ಬೀಳುವ ಸಾಧ್ಯತೆ ಹೆಚ್ಚು. ಯಾವ ಊರಿನಲ್ಲಿ ಬದುಕು ಎಲ್ಲಿ ಹೊರಗೆ ಬರುತ್ತದೆ ಎಂದು ಮೊದಲೇ ತಿಳಿದುಕೊಂಡರೆ ಆಯ್ಕೆ ಸುಲಭವಾಗುತ್ತದೆ.

ಮಾಸ್ಕೋ: ನೆಲದಡಿಯ ನಗರ

ಸುಮಾರು 1.3 ಕೋಟಿ ಜನರಿರುವ ಮಾಸ್ಕೋದಲ್ಲಿ ಬದುಕು ಕಣ್ಣಿಗೆ ಸಿಗುವ ಮೊದಲ ಜಾಗ ಮೆಟ್ರೊ. 1935ರ ಮೇ 15ರಂದು ಆರಂಭವಾದ ಈ ಸಾರಿಗೆಯನ್ನು ಅಮೃತಶಿಲೆ, ಕಂಚು, ಮೊಸಾಯಿಕ್‌ಗಳ ಅರಮನೆಯೆಂದು ಹೊಗಳುವುದು ವಾಡಿಕೆಯಾದರೂ, ನನ್ನ ಮಟ್ಟಿಗೆ ಅದರ ನಿಜವಾದ ಸೊಗಸು ಆ ಅರಮನೆಯನ್ನು ಯಾರೂ ತಲೆಯೆತ್ತಿ ನೋಡದಿರುವುದರಲ್ಲಿದೆ. 1938ರಲ್ಲಿ ತೆರೆದ ಮಾಯಕೋವ್‌ಸ್ಕಯಾ ನಿಲ್ದಾಣದ ಚಾವಣಿಯಲ್ಲಿ ಚಿತ್ರಕಾರ ದೇಯ್ನೆಕಾ ರೂಪಿಸಿದ ಆಕಾಶದ ಮೊಸಾಯಿಕ್‌ಗಳಿವೆ. ಅವುಗಳ ಕೆಳಗೆ ಜನ ಫೋನಿನಲ್ಲಿ ಮುಖ ಹುದುಗಿಸಿಕೊಂಡು ಸಾಗುತ್ತಾರೆ. ಅದೇ ವರ್ಷ ತೆರೆದ ಪ್ಲೋಶ್ಚದ್ ರೆವಲ್ಯೂತ್ಸಿಯಿ ನಿಲ್ದಾಣದಲ್ಲಿ 76 ಕಂಚಿನ ಮೂರ್ತಿಗಳು ಕಮಾನುಗಳಡಿ ಕುಳಿತಿವೆ. ಅವುಗಳಲ್ಲಿ ಗಡಿಕಾವಲುಗಾರನ ನಾಯಿಯ ಮೂಗನ್ನು ಮುಟ್ಟಿದರೆ ಒಳ್ಳೆಯದಾಗುತ್ತದೆಂಬ ನಂಬಿಕೆಯಿಂದ ಎಷ್ಟು ಕೈಗಳು ಅದನ್ನು ಸವರಿವೆಯೆಂದರೆ ಮೂಗು ಬಂಗಾರದಂತೆ ಹೊಳೆಯುತ್ತದೆ. ಆ ಮೂರ್ತಿಯ ಎದುರು ಅರ್ಧ ಗಂಟೆ ನಿಂತರೆ ಸಾಕು. ಪರೀಕ್ಷೆಗೆ ಹೊರಟ ವಿದ್ಯಾರ್ಥಿ, ಬೂಟಿನ ವೇಗ ಒಂದಿಷ್ಟೂ ಕಡಿಮೆ ಮಾಡದೆ ಕೈಚಾಚಿ ಮುಟ್ಟಿ ಹೋಗುವ ಅಧಿಕಾರಿ, ಮಗುವನ್ನು ಎತ್ತಿ ಹಿಡಿಯುವ ಅಜ್ಜಿ ಎಲ್ಲರೂ ಚೌಕಟ್ಟಿನೊಳಗೆ ಬಂದು ಹೋಗುತ್ತಾರೆ.

ಇಲ್ಲಿನ ರೈಲುಗಳ ಘೋಷಣೆಗೂ ಒಂದು ಪದ್ಧತಿಯಿದೆ. ನಗರದ ಮಧ್ಯಕ್ಕೆ ಬರುವ ಗಾಡಿಯಲ್ಲಿ ಗಂಡಸಿನ ಧ್ವನಿ, ಹೊರಗೆ ಹೋಗುವ ಗಾಡಿಯಲ್ಲಿ ಹೆಂಗಸಿನ ಧ್ವನಿ. ಕೆಲಸಕ್ಕೆ ಕರೆಯುವವನು ಮೇಲಧಿಕಾರಿ, ಮನೆಗೆ ಕರೆಯುವವಳು ಹೆಂಡತಿ ಎಂದು ಮಾಸ್ಕೋದವರು ತಮಾಷೆ ಮಾಡುತ್ತಾರೆ. ರಷ್ಯನ್ ಓದಲು ಬಾರದ ಪ್ರವಾಸಿಗೆ ಇದು ದಿಕ್ಕು ತಿಳಿಯಲು ನಿಜವಾಗಿಯೂ ನೆರವಾಗುತ್ತದೆ. ಟ್ರೈಪಾಡ್ ಬಳಸದೆ, ಯಾರಿಗೂ ಅಡ್ಡಿಯಾಗದಂತೆ ಚಿತ್ರ ತೆಗೆದರೆ ಆಕ್ಷೇಪ ಬರುವುದು ಕಡಿಮೆ. ಜನಜಂಗುಳಿ ಬೇಕೆನ್ನುವವರು ಬೆಳಗಿನ ಎಂಟರಿಂದ ಒಂಬತ್ತರ ನಡುವೆಯೂ, ಕಟ್ಟಡದ ಸೊಬಗು ಬೇಕೆನ್ನುವವರು ಭಾನುವಾರ ಬೆಳಗ್ಗೆಯೂ ಇಳಿಯುವುದು ಒಳಿತು.

ನೆಲದ ಮೇಲಿನ ಮಾಸ್ಕೋ ಅಷ್ಟು ಸುಲಭವಾಗಿ ಒಲಿಯುವುದಿಲ್ಲ. ಕೆಂಪು ಚೌಕವೂ, 1561ರಲ್ಲಿ ಪೂರ್ಣಗೊಂಡ ಸೇಂಟ್ ಬೇಸಿಲ್ ಚರ್ಚೂ ನೋಡಲೇಬೇಕಾದವೆಂಬುದರಲ್ಲಿ ಅನುಮಾನವಿಲ್ಲ. ಆದರೆ ಅಲ್ಲಿ ನೀವು ತೆಗೆಯುವ ಚಿತ್ರವನ್ನು ನಿಮಗಿಂತ ಮೊದಲೇ ಲಕ್ಷಾಂತರ ಜನ ತೆಗೆದಿದ್ದಾರೆ. ಅದರ ಬದಲು ಮೆಟ್ರೊದ ಯಾವುದಾದರೂ ಮಾರ್ಗದ ತುದಿಯ ಕಡೆಗೆ ಹೋಗಿ ಇಳಿದುಕೊಳ್ಳಬೇಕು. ಅಲ್ಲಿ 1950ರ ದಶಕದ ಕೊನೆಯಿಂದ ಸೋವಿಯತ್ ನಾಯಕ ಕ್ರುಶ್ಚೇವನ ಕಾಲದಲ್ಲಿ ಸಾಲುಸಾಲಾಗಿ ಎದ್ದ, ಲಿಫ್ಟ್ ಇಲ್ಲದ ಐದಂತಸ್ತಿನ ಮನೆಗಳೂ, ನಂತರದ ಕಾಲದ ಒಂಬತ್ತಂತಸ್ತಿನ ಮನೆಗಳೂ ನಿಂತಿರುತ್ತವೆ. ಅವುಗಳ ನಡುವಿನ ಅಂಗಳಗಳಲ್ಲಿ ಬರ್ಚ್ ಮರಗಳು, ಮಕ್ಕಳ ಜಾರುಬಂಡೆ, ಬಟ್ಟೆ ಒಣಗಿಸುವ ಕಂಬಗಳು, ಬಾಗಿಲ ಬಳಿಯ ಬೆಂಚಿನಲ್ಲಿ ಕುಳಿತು ಬಂದುಹೋಗುವವರನ್ನೆಲ್ಲ ಲೆಕ್ಕವಿಡುವ ಅಜ್ಜಿಯರು. 2017ರಲ್ಲಿ ಶುರುವಾದ ನವೀಕರಣ ಯೋಜನೆಯಡಿ ಮಾಸ್ಕೋದ ಈ ಹಳೆಯ ಐದಂತಸ್ತಿನ ಮನೆಗಳನ್ನು ಕೆಡವಿ ಎತ್ತರದ ಕಟ್ಟಡಗಳನ್ನು ಕಟ್ಟಲಾಗುತ್ತಿದೆ. ಇಂಥ ಬಡಾವಣೆಗಳನ್ನು ಚಿತ್ರಿಸಬೇಕೆಂಬ ಆಸೆಯಿರುವವರು ಹೆಚ್ಚು ತಡಮಾಡುವಂತಿಲ್ಲ.

ಪೀಟರ್ಸ್‌ಬರ್ಗ್: ಬೆಳಕಿನ ಲೆಕ್ಕ

ಪೀಟರ್ ದೊರೆ 1703ರಲ್ಲಿ ನೇವಾ ನದಿಯ ಜೌಗು ಮುಖಜಭೂಮಿಯಲ್ಲಿ ಕಟ್ಟಲಾರಂಭಿಸಿದ ಈ ನಗರವನ್ನು ಮಾಸ್ಕೋದೊಂದಿಗೆ ಹೋಲಿಸುವಾಗ ಮೊದಲು ಗಮನಿಸಬೇಕಾದದ್ದು ಆಕಾಶವನ್ನು. ಚಳಿಗಾಲದ ಅರಮನೆಯ ಎತ್ತರವನ್ನು ವಸತಿ ಕಟ್ಟಡಗಳು ಮೀರಬಾರದೆಂದು 1844ರಲ್ಲಿ ಚಕ್ರವರ್ತಿ ಒಂದನೆಯ ನಿಕೊಲಾಸ್ ಹೊರಡಿಸಿದ ಆಜ್ಞೆಯಿಂದಾಗಿ ಹಳೆಯ ನಗರದ ಮೇಲ್ಛಾವಣಿಗಳೆಲ್ಲ ಬಹುಮಟ್ಟಿಗೆ ಒಂದೇ ಸಾಲಿನಲ್ಲಿವೆ. ಹೀಗಾಗಿ ಚೌಕಟ್ಟಿನ ಮೂರನೇ ಎರಡು ಭಾಗವನ್ನು ಮೋಡಗಳಿಗೇ ಬಿಟ್ಟುಕೊಡಬಹುದು. ಬಾಲ್ಟಿಕ್ ಕಡೆಯಿಂದ ಬರುವ ಮೋಡಗಳು ಗಂಟೆಗೊಂದು ಬಣ್ಣ ತಾಳುವುದರಿಂದ ಅದು ವ್ಯರ್ಥವಾಗುವುದೂ ಇಲ್ಲ.

ಸುಮಾರು 60 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ಈ ಊರಿನಲ್ಲಿ ಜೂನ್ ಕೊನೆಗೆ ಹಗಲು ಹತ್ತೊಂಬತ್ತು ಗಂಟೆಗಳ ಸಮೀಪಕ್ಕೆ ಬರುತ್ತದೆ. ಡಿಸೆಂಬರ್ ಕೊನೆಗೆ ಆರು ಗಂಟೆಗೂ ಕಡಿಮೆ. ಬೇಸಿಗೆಯ ಬಿಳಿರಾತ್ರಿಗಳಲ್ಲಿ ಸೂರ್ಯ ಮುಳುಗಿದ ಮೇಲೂ ಕತ್ತಲು ಕವಿಯುವುದಿಲ್ಲ, ಜನ ಮನೆಗೆ ಹೋಗುವುದೂ ಇಲ್ಲ. ನದಿ ಕರಗಿರುವ ತಿಂಗಳುಗಳಲ್ಲಿ, ಅಂದರೆ ಏಪ್ರಿಲ್‌ನಿಂದ ನವೆಂಬರ್‌ವರೆಗೆ, ಹಡಗುಗಳಿಗೆ ದಾರಿ ಮಾಡಿಕೊಡಲು ನೇವಾದ ಸೇತುವೆಗಳು ನಡುರಾತ್ರಿಯ ನಂತರ ಮೇಲೇಳುತ್ತವೆ. ಅರಮನೆ ಸೇತುವೆಯ ಎರಡು ರೆಕ್ಕೆಗಳ ನಡುವೆ ಪೀಟರ್ ಮತ್ತು ಪಾಲ್ ಕೋಟೆಯ ಚಿನ್ನದ ಶಿಖರ ಕಾಣುವ ನೋಟ ಅಂಚೆಚಿತ್ರದಷ್ಟು ಪರಿಚಿತವಾದರೂ, ಆ ಹೊತ್ತಿನಲ್ಲಿ ದಂಡೆಯ ಮೇಲೆ ನೆರೆಯುವ ಜನ, ಗಿಟಾರ್ ಹಿಡಿದ ಹುಡುಗರು, ಮದುವೆಯ ಉಡುಪಿನಲ್ಲೇ ಬಂದ ಜೋಡಿಗಳು ಪ್ರತಿ ರಾತ್ರಿಯೂ ಹೊಸಬರೇ ಆಗಿರುತ್ತಾರೆ. ರಷ್ಯಾದ ಬದುಕು ಬೀದಿಗೆ ಬಂದು ನಿಲ್ಲುವ ಅಪರೂಪದ ಗಳಿಗೆಗಳಲ್ಲಿ ಇದೊಂದು. ನಡುರಾತ್ರಿಯ ಹೊತ್ತಿಗೆ ಮೆಟ್ರೊವೂ ಮುಚ್ಚುವುದರಿಂದ ನಿಮ್ಮ ವಸತಿ ನದಿಯ ಯಾವ ದಡದಲ್ಲಿದೆ ಎಂಬುದನ್ನು ಮಾತ್ರ ಮೊದಲೇ ನೋಡಿಕೊಂಡಿರಬೇಕು. ಇಲ್ಲವಾದರೆ ಸೇತುವೆ ಇಳಿಯುವವರೆಗೆ ಬೆಳಗಿನ ಜಾವ ಕಾಯಬೇಕಾಗುತ್ತದೆ.

ಈ ನಗರದ ಇನ್ನೊಂದು ಮುಖ ಒಳ ಅಂಗಳಗಳದ್ದು. ನೇವ್‌ಸ್ಕಿ ಪ್ರಾಸ್ಪೆಕ್ಟ್‌ನಂಥ ರಾಜಮಾರ್ಗದಿಂದ ಒಂದು ಕಮಾನು ದಾಟಿದರೆ ನಾಲ್ಕೂ ಕಡೆ ಗೋಡೆಗಳೆದ್ದು ಮೇಲೆ ಚೌಕಾಕಾರದ ಆಕಾಶದ ತುಂಡು ಮಾತ್ರ ಕಾಣುವ ಅಂಗಳ ಸಿಗುತ್ತದೆ. ಸ್ಥಳೀಯರು ಇವನ್ನು ಬಾವಿ ಅಂಗಳಗಳೆಂದೇ ಕರೆಯುತ್ತಾರೆ. ಬೀದಿಯ ಕಡೆಗೆ ಕಂಭಗಳೂ ಶಿಲ್ಪಗಳೂ ಇರುವ ಅದೇ ಕಟ್ಟಡದ ಬೆನ್ನಿನಲ್ಲಿ ಗಾರೆ ಉದುರಿರುತ್ತದೆ, ಕಿಟಕಿಯಲ್ಲಿ ಬೆಕ್ಕು ಕುಳಿತಿರುತ್ತದೆ, ಒಂದೇ ಬಾಗಿಲಿಗೆ ನಾಲ್ಕಾರು ಕರೆಗಂಟೆಗಳೂ ಇರಬಹುದು. ಒಂದು ಅಡುಗೆಮನೆ, ಒಂದು ಸ್ನಾನಗೃಹವನ್ನು ಹಲವು ಕುಟುಂಬಗಳು ಹಂಚಿಕೊಳ್ಳುವ ಸೋವಿಯತ್ ಕಾಲದ ಸಾಮುದಾಯಿಕ ವಸತಿಗಳು, ಅಂದರೆ ಕಮ್ಯುನಾಲ್ಕಾಗಳು, ಈ ನಗರದ ಮಧ್ಯಭಾಗದಲ್ಲಿ ಈಗಲೂ ಉಳಿದಿರುವುದಕ್ಕೆ ಅದು ಗುರುತು. ಬೀಗವಿಲ್ಲದ ಕಮಾನುಗಳನ್ನು ಮಾತ್ರ ದಾಟಬೇಕು, ದನಿಯೆತ್ತಿ ಮಾತಾಡಬಾರದು, ಕಿಟಕಿಗಳೊಳಕ್ಕೆ ಕ್ಯಾಮೆರಾ ತಿರುಗಿಸಬಾರದು. ಅವು ಜನ ವಾಸಿಸುವ ಮನೆಗಳು.

ಎರಡು ಮಹಾನಗರಗಳಲ್ಲಿ ಒಂದನ್ನೇ ಆರಿಸಬೇಕಾದವರಿಗೆ ನನ್ನ ಸಲಹೆ ಋತುವನ್ನು ಅವಲಂಬಿಸಿದೆ. ಮೇ ಕೊನೆಯಿಂದ ಜುಲೈ ಮಧ್ಯದವರೆಗೆ ಹೋಗುವುದಾದರೆ ಪೀಟರ್ಸ್‌ಬರ್ಗ್‌ಗೆ ಸಾಟಿಯಿಲ್ಲ. ನವೆಂಬರ್‌ನಿಂದ ಫೆಬ್ರವರಿಯವರೆಗೆ ಅಲ್ಲಿ ಬೆಳಕೂ ಕಡಿಮೆ, ತೇವಭರಿತ ಗಾಳಿಯ ಕೊರೆತವೂ ಹೆಚ್ಚು. ಆಗ ಮಾಸ್ಕೋ ಲೇಸು, ಏಕೆಂದರೆ ಅದರ ಅತ್ಯುತ್ತಮ ಚಿತ್ರಗಳು ಹೇಗೂ ನೆಲದಡಿಯಲ್ಲಿವೆ. ಚಿತ್ರಕಲೆಗಾಗಿಯೇ ಹೋಗುವವರಿಗೆ ಹರ್ಮಿಟಾಜ್ ಯಾವ ಋತುವಿನಲ್ಲೂ ಸಾಕಷ್ಟು ಕಾರಣ ಒದಗಿಸುತ್ತದೆ ಎಂಬುದು ಬೇರೆ ಮಾತು.

ಸಣ್ಣ ಊರುಗಳಲ್ಲಿ ಯಾವುದು?

ಮಾಸ್ಕೋದ ಈಶಾನ್ಯಕ್ಕೆ ಉಂಗುರದಂತೆ ಹರಡಿರುವ ಹಳೆಯ ಪಟ್ಟಣಗಳಿಗೆ ಸುವರ್ಣ ಉಂಗುರ ಎಂಬ ಹೆಸರು 1967ರಿಂದ ಚಾಲ್ತಿಯಲ್ಲಿದೆ. ಅವುಗಳಲ್ಲಿ ಪ್ರವಾಸಿಗರು ಮೊದಲು ಆರಿಸುವುದು ಸುಜ್ದಾಲ್ ಎಂಬ ಪುಟ್ಟ ಊರನ್ನು. ಜನಸಂಖ್ಯೆ ಸುಮಾರು ಹತ್ತು ಸಾವಿರ. ರೈಲುಮಾರ್ಗ ಇಲ್ಲಿಗೆ ಬರಲೇ ಇಲ್ಲವಾದ್ದರಿಂದ ಕಾರ್ಖಾನೆಗಳೂ ಬರಲಿಲ್ಲ, ಎತ್ತರದ ಕಟ್ಟಡಗಳೂ ಏಳಲಿಲ್ಲ. ಕಾಮೆಂಕಾ ಹೊಳೆಯ ಬಾಗುಗಳು, ಹುಲ್ಲುಗಾವಲು, ಕೆತ್ತನೆಯ ಕಿಟಕಿಚೌಕಟ್ಟುಗಳಿರುವ ಮರದ ಮನೆಗಳು, ಎತ್ತ ತಿರುಗಿದರೂ ಒಂದೆರಡು ಈರುಳ್ಳಿ ಗುಮ್ಮಟಗಳು. ಇಲ್ಲಿನ ಸೌತೆಕಾಯಿ ಎಷ್ಟು ಹೆಸರುವಾಸಿಯೆಂದರೆ ಅದಕ್ಕೆಂದೇ ಜುಲೈನಲ್ಲಿ ಹಬ್ಬ ನಡೆಯುತ್ತದೆ. ಮನೆಯ ಮುಂದೆ ಸ್ಟೂಲಿನ ಮೇಲೆ ಉಪ್ಪಿನಲ್ಲಿ ಹಾಕಿದ ಸೌತೆಯ ಜಾಡಿಗಳನ್ನಿಟ್ಟು ಮಾರುವ ಹೆಂಗಸರು, ಹೊಳೆಯ ಮರದ ಹಲಗೆಗಳ ಮೇಲೆ ಕುಳಿತು ಗಾಳ ಹಾಕುವವರು ಇಲ್ಲಿ ಸಹಜವಾಗಿ ಸಿಗುತ್ತಾರೆ. ಆದರೆ ಶನಿವಾರ ಮತ್ತು ಭಾನುವಾರ ಮಾಸ್ಕೋದ ಬಸ್ಸುಗಳು ಬಂದಿಳಿದ ಮೇಲೆ ಊರು ಜಾತ್ರೆಯ ಮೈದಾನದಂತಾಗುತ್ತದೆ. ಸುಜ್ದಾಲ್‌ಗೆ ಹೋಗುವುದಾದರೆ ವಾರದ ನಡುವೆ ಹೋಗಿ ರಾತ್ರಿ ಅಲ್ಲಿಯೇ ತಂಗಬೇಕು. ದಿನದಲ್ಲಿ ಹೋಗಿ ಬರುವವರಿಗೆ ಈ ಊರು ತನ್ನ ಅಂಗಡಿಮುಖವನ್ನಷ್ಟೇ ತೋರಿಸುತ್ತದೆ.

ಇಲ್ಲಿಗೆ ಹೋಗುವ ಮುನ್ನ ಸೆರ್ಗೆಯ್ ಪ್ರೊಕುದಿನ್-ಗೋರ್‌ಸ್ಕಿಯ ಚಿತ್ರಗಳನ್ನು ನೋಡಿಕೊಂಡರೆ ನೋಟವೇ ಬದಲಾಗುತ್ತದೆ. 1909ರಿಂದ 1915ರ ನಡುವೆ ಈತ ಚಕ್ರವರ್ತಿಯ ಬೆಂಬಲದಿಂದ, ಕತ್ತಲೆಕೋಣೆಯನ್ನೇ ಅಳವಡಿಸಿದ ರೈಲುಡಬ್ಬಿಯಲ್ಲಿ ಸಾಮ್ರಾಜ್ಯವನ್ನೆಲ್ಲ ಸುತ್ತಿ ಬಣ್ಣದ ಚಿತ್ರಗಳನ್ನು ತೆಗೆದ. ನೀಲಿ, ಹಸಿರು, ಕೆಂಪು ಶೋಧಕಗಳ ಮೂಲಕ ಒಂದರ ಹಿಂದೊಂದರಂತೆ ಮೂರು ಕಪ್ಪುಬಿಳುಪು ಪ್ರತಿಗಳನ್ನು ತೆಗೆದು ಅವನ್ನು ಒಂದರ ಮೇಲೊಂದು ಬೀಳಿಸಿದಾಗ ಬಣ್ಣ ಮೂಡುತ್ತಿತ್ತು. ಆ ಮೂರು ಕ್ಷಣಗಳ ನಡುವೆ ಹರಿದ ನೀರು, ಅಲುಗಿದ ಕೈ ಬಣ್ಣಬಣ್ಣದ ಅಂಚುಗಳಾಗಿ ಉಳಿದಿವೆ. 1912ರಲ್ಲಿ ಆತ ಸುಜ್ದಾಲ್‌ನಲ್ಲಿಯೂ ಚಿತ್ರ ತೆಗೆದ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 1948ರಲ್ಲಿ ಆ ಗಾಜಿನ ಫಲಕಗಳನ್ನು ಕೊಂಡಿತು. ಈಗ ಅವೆಲ್ಲವೂ ಇಂಟರ್‌ನೆಟ್‌ನಲ್ಲಿ ಯಾರಿಗಾದರೂ ಉಚಿತವಾಗಿ ಲಭ್ಯ. ಅವುಗಳಲ್ಲಿ ನಾಲ್ಕೈದನ್ನು ಫೋನಿನಲ್ಲಿ ಇಳಿಸಿಕೊಂಡು ಆತ ನಿಂತಿದ್ದ ಜಾಗವನ್ನೇ ಹುಡುಕಿ ನಿಂತು ಚಿತ್ರ ತೆಗೆಯುವುದು ಒಂದು ಇಡೀ ದಿನಕ್ಕೆ ಸಾಕಾಗುವಷ್ಟು ಕೆಲಸ, ಮತ್ತು ಸ್ಥಳೀಯರೊಡನೆ ಮಾತು ಶುರುಮಾಡಲು ಅದಕ್ಕಿಂತ ಒಳ್ಳೆಯ ನೆಪ ನನಗೆ ತಿಳಿದಿಲ್ಲ.

ಸುಜ್ದಾಲ್‌ಗೆ ಹೋಗುವ ದಾರಿಯಲ್ಲಿ ರೈಲಿನಿಂದ ಇಳಿಯುವ ಊರು ವ್ಲಾದಿಮಿರ್. ಮಾಸ್ಕೋದಿಂದ ವೇಗದ ರೈಲಿನಲ್ಲಿ ಎರಡು ಗಂಟೆಯೊಳಗೆ ತಲುಪಬಹುದು. 12ನೇ ಶತಮಾನದ ಬಿಳಿಗಲ್ಲಿನ ಚರ್ಚುಗಳೂ, ಉಸ್ಪೆನ್‌ಸ್ಕಿ ಚರ್ಚಿನೊಳಗೆ ಆಂದ್ರೇಯ್ ರುಬ್ಲ್ಯೋವ್ 1408ರಲ್ಲಿ ಬರೆದ ಭಿತ್ತಿಚಿತ್ರಗಳೂ ಇಲ್ಲಿವೆ. ಅವನ್ನು ನೋಡಲು ಅರ್ಧ ದಿನ ಸಾಕು. ಹತ್ತಿರದ ಬಗಲ್ಯೂಬೊವೊದಲ್ಲಿ ಹುಲ್ಲುಗಾವಲಿನ ನಡುವೆ ಒಂಟಿಯಾಗಿ ನಿಂತಿರುವ ನೇರ್ಲ್ ದಂಡೆಯ ಚರ್ಚು ಮಾತ್ರ ಏಪ್ರಿಲ್ ಕಡೆಗೆ ಹಿಮ ಕರಗಿ ನೆರೆ ಬಂದಾಗ ನೀರಿನಿಂದ ಸುತ್ತುವರಿದು ತನ್ನ ಪ್ರತಿಬಿಂಬದ ಮೇಲೆ ನಿಂತಂತೆ ಕಾಣುತ್ತದೆ. ಅದೇ ಹೊತ್ತಿನಲ್ಲಿ ಸುತ್ತಲಿನ ಮಣ್ಣಿನ ದಾರಿಗಳೆಲ್ಲ ಕೆಸರಾಗಿರುತ್ತವೆ ಎಂಬುದನ್ನೂ ನೆನಪಿಡಬೇಕು.

ಈ ಎರಡಕ್ಕಿಂತಲೂ ಯಾರೊಸ್ಲಾವ್ಲ್ ನನಗೆ ಹೆಚ್ಚು ಪ್ರಿಯ. ಕೋತೊರೊಸ್ಲ್ ನದಿ ವೋಲ್ಗಾವನ್ನು ಸೇರುವ ಜಾಗದಲ್ಲಿ 1010ರಲ್ಲಿ ಸ್ಥಾಪನೆಯಾಯಿತೆಂದು ಹೇಳಲಾಗುವ, ಐದು ಲಕ್ಷಕ್ಕೂ ಹೆಚ್ಚು ಜನರಿರುವ ಈ ನಗರ ಪ್ರವಾಸಿಗರಿಗಾಗಿ ಬದುಕುವ ಊರಲ್ಲ. ಕಾರ್ಖಾನೆಗಳೂ ವಿಶ್ವವಿದ್ಯಾಲಯವೂ ಇರುವ ಸಾಧಾರಣ ರಷ್ಯನ್ ನಗರ. 1997ರ ಮಾದರಿಯ ಸಾವಿರ ರೂಬಲ್ ನೋಟಿನ ಮೇಲಿರುವುದು ಇದೇ ಊರು. ಬೇಸಿಗೆಯ ಸಂಜೆ ವೋಲ್ಗಾದ ದಂಡೆಯ ಉದ್ದಕ್ಕೂ ಊರಿಗೆ ಊರೇ ನಡೆದಾಡುತ್ತದೆ: ಮಕ್ಕಳ ಗಾಡಿ ತಳ್ಳುವ ದಂಪತಿಗಳು, ಚದುರಂಗದ ಸುತ್ತ ನೆರೆದ ಮುದುಕರು, ಐಸ್‌ಕ್ರೀಂ ಹಿಡಿದ ಕೆಡೆಟ್‌ಗಳು. ಯಾರೂ ಪ್ರವಾಸಿಗನನ್ನು ವಿಶೇಷವಾಗಿ ಗಮನಿಸುವುದಿಲ್ಲ, ಚಿತ್ರ ತೆಗೆಯುವವನಿಗೆ ಬೇಕಾಗಿರುವುದೂ ಅದೇ. ಸುಜ್ದಾಲ್‌ನ ಚಿತ್ರಗಳನ್ನು ಊರಿಗೆ ಬಂದು ತೋರಿಸಿದರೆ ಮೆಚ್ಚುಗೆ ಹೆಚ್ಚು ಸಿಗುತ್ತದೆ. ಯಾರೊಸ್ಲಾವ್ಲ್‌ನ ಚಿತ್ರಗಳಲ್ಲಿ ರಷ್ಯಾ ಹೆಚ್ಚು ಇರುತ್ತದೆ.

ಕನ್ನಡಿಗರಿಗೆ ಇನ್ನೊಂದು ಸಣ್ಣ ನಿಲುಗಡೆಯನ್ನು ಸೂಚಿಸುವುದು ತಪ್ಪಾಗಲಾರದು. ಮಾಸ್ಕೋ ಮತ್ತು ಪೀಟರ್ಸ್‌ಬರ್ಗ್ ನಡುವಿನ ರೈಲುಮಾರ್ಗದಲ್ಲಿರುವ ತ್ವೆರ್ ಊರಿನ ವ್ಯಾಪಾರಿ ಅಫನಾಸಿ ನಿಕಿತಿನ್ 15ನೇ ಶತಮಾನದಲ್ಲಿ ಮೂರು ಸಮುದ್ರಗಳನ್ನು ದಾಟಿ ಬಹಮನಿ ಸುಲ್ತಾನರ ಬೀದರಿಗೆ ಬಂದು, ತಾನು ತಂದಿದ್ದ ಕುದುರೆಯನ್ನು ಅಲ್ಲಿ ಮಾರಿ, ಕಂಡದ್ದನ್ನೆಲ್ಲ ಬರೆದಿಟ್ಟವನು. ಕಲಬುರಗಿ, ರಾಯಚೂರುಗಳ ಹೆಸರೂ ಅವನ ಬರಹದಲ್ಲಿ ಬರುತ್ತವೆ. ವೋಲ್ಗಾದ ದಂಡೆಯಲ್ಲಿ 1955ರಲ್ಲಿ ನಿಲ್ಲಿಸಿದ ಅವನ ಪ್ರತಿಮೆಯಿದೆ. ಊರು ಒಂದು ಮಧ್ಯಾಹ್ನಕ್ಕಿಂತ ಹೆಚ್ಚು ಸಮಯ ಬೇಡುವುದಿಲ್ಲ.

ಕಜಾನ್, ಮತ್ತು ಅದರಾಚೆ

ರಷ್ಯಾ ಎಂದರೆ ಚರ್ಚುಗಳೂ ಬರ್ಚ್ ಮರಗಳೂ ಮಾತ್ರವೆಂಬ ಭಾವನೆಯನ್ನು ತಿದ್ದುವ ಊರು ರಷ್ಯಾದೊಳಗಿನ ತಾತಾರ್‌ಸ್ತಾನ ಗಣರಾಜ್ಯದ ರಾಜಧಾನಿ ಕಜಾನ್. ಬೀದಿಫಲಕಗಳು ರಷ್ಯನ್ ಮತ್ತು ತಾತಾರ್ ಎರಡೂ ಭಾಷೆಗಳಲ್ಲಿವೆ. ಇಲ್ಲಿಯೂ ಇರುವ ಕ್ರೆಮ್ಲಿನ್‌ನ, ಅಂದರೆ ಕೋಟೆಯ, ಗೋಡೆಯೊಳಗೆ ಹಳೆಯ ಚರ್ಚಿನ ಸಮೀಪದಲ್ಲೇ 2005ರಲ್ಲಿ ಪೂರ್ಣಗೊಂಡ ಕುಲ್ ಶರೀಫ್ ಮಸೀದಿಯ ನೀಲಿ ಮಿನಾರುಗಳಿವೆ. ಆದರೆ ಕ್ಯಾಮೆರಾಕ್ಕೆ ಕ್ರೆಮ್ಲಿನ್‌ಗಿಂತ ಕಬಾನ್ ಸರೋವರದ ಬಳಿಯ ಹಳೆಯ ತಾತಾರ್ ಬಡಾವಣೆ ಹೆಚ್ಚು ಒದಗುತ್ತದೆ. ಎರಡನೆಯ ಕ್ಯಾಥರೀನ್ ರಾಣಿಯ ಅನುಮತಿಯಿಂದ 1766ರಿಂದ 1770ರವರೆಗೆ ಕಟ್ಟಿದ ಮರ್ಜಾನಿ ಮಸೀದಿ ಅಲ್ಲಿದೆ. ಶುಕ್ರವಾರ ಮಧ್ಯಾಹ್ನ ಅಲ್ಲಿಂದ ಹೊರಬರುವ ಮುದುಕರ ಕಸೂತಿ ಟೋಪಿಗಳು, ಬಣ್ಣ ಬಳಿದ ಮರದ ಮನೆಗಳು, ಮಾಂಸ ಮತ್ತು ಆಲೂಗಡ್ಡೆ ತುಂಬಿದ ಮುಕ್ಕೋನಾಕಾರದ ಎಚ್ಪೊಚ್ಮಾಕ್, ಜೇನುಪಾಕದಲ್ಲಿ ಅದ್ದಿದ ಚಕ್‌ಚಕ್ ಸಿಹಿ ಇವೆಲ್ಲ ಒಂದೇ ಬೀದಿಯ ಅಳತೆಯಲ್ಲಿ ಸಿಗುತ್ತವೆ. ಬಿತ್ತನೆ ಮುಗಿದ ಮೇಲೆ ಜೂನ್‌ನಲ್ಲಿ ನಡೆಯುವ ಸಬಂತುಯ್ ಹಬ್ಬಕ್ಕೆ ಹೊಂದಿಸಿಕೊಂಡು ಹೋದರೆ ಸೊಂಟಪಟ್ಟಿ ಹಿಡಿದು ಆಡುವ ಕುಸ್ತಿಯನ್ನೂ ಕುದುರೆ ಓಟವನ್ನೂ ನೋಡಬಹುದು. ಮೂರನೆಯ ಊರಿಗೆ ಸಮಯವಿದೆ ಎನ್ನುವವರಿಗೆ ನಾನು ನಿಸ್ಸಂಕೋಚವಾಗಿ ಹೇಳುವ ಹೆಸರು ಇದೇ.

ಇರ್ಕುತ್ಸ್ಕ್‌ನ ಮಾತು ಬೇರೆ. ಮಾಸ್ಕೋದಿಂದ ರೈಲಿನಲ್ಲಿ 5,185 ಕಿಲೋಮೀಟರ್, ಗಡಿಯಾರದಲ್ಲಿ ಐದು ಗಂಟೆ ಮುಂದೆ. ಅಲ್ಲಿನ ಕೆತ್ತನೆಯ ಮರದ ಮನೆಗಳು ಸುಜ್ದಾಲ್‌ನವುಗಳಿಗಿಂತ ದೊಡ್ಡವು, ಅನೇಕ ಕಡೆ ಒಂದು ಬದಿಗೆ ವಾಲಿ ನೆಲಕ್ಕೆ ಇಳಿದಿವೆ. ಚಕ್ರವರ್ತಿಯ ವಿರುದ್ಧದ 1825ರ ದಂಗೆಗಾಗಿ ಸೈಬೀರಿಯಾಕ್ಕೆ ಗಡೀಪಾರಾದ ಡಿಸೆಂಬ್ರಿಸ್ಟರ ಮನೆಗಳು ಮ್ಯೂಜಿಯಂಗಳಾಗಿವೆ. ಬೈಕಲ್ ಸರೋವರದ ಪಾರದರ್ಶಕ ಮಂಜುಗಡ್ಡೆಯನ್ನು ಫೆಬ್ರವರಿ, ಮಾರ್ಚ್‌ಗಳಲ್ಲಿ ಚಿತ್ರಿಸುವ ಆಸೆಯಿದ್ದರೆ ಮಾತ್ರ ಇಷ್ಟು ದೂರ ಹೋಗುವುದಕ್ಕೆ ಅರ್ಥವಿದೆ. ಊರಿನ ಬದುಕನ್ನು ನೋಡುವುದಕ್ಕಷ್ಟೇ ಆದರೆ ಯಾರೊಸ್ಲಾವ್ಲ್ ಕೊಡದ್ದನ್ನು ಇರ್ಕುತ್ಸ್ಕ್ ಬಹಳವಾಗಿ ಕೊಡುವುದಿಲ್ಲ.

ಊರಿಂದೂರಿಗೆ: ವೇಗವೋ, ಸಹವಾಸವೋ

ಎರಡು ಮಹಾನಗರಗಳ ನಡುವೆ 2009ರಿಂದ ಓಡುತ್ತಿರುವ ಸಪ್ಸಾನ್ ರೈಲು ಸುಮಾರು 650 ಕಿಲೋಮೀಟರನ್ನು ನಾಲ್ಕು ಗಂಟೆಯ ಆಸುಪಾಸಿನಲ್ಲಿ ಮುಗಿಸುತ್ತದೆ. ಸಮಯವಿಲ್ಲದವರು ಅದನ್ನೇ ಹತ್ತಲಿ. ಉಳಿದವರು ರಾತ್ರಿಯ ರೈಲಿನ ಪ್ಲಾತ್ಸ್‌ಕಾರ್ತ್ ದರ್ಜೆಯನ್ನು ಒಮ್ಮೆಯಾದರೂ ಆರಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ನಮ್ಮ ಸ್ಲೀಪರ್ ಡಬ್ಬಿಯಂತೆಯೇ ಬಾಗಿಲುಗಳಿಲ್ಲದ, ಪಕ್ಕದ ಬರ್ತುಗಳೂ ಇರುವ ಡಬ್ಬಿ ಅದು. 54 ಜನರಿಗೆ ಮಲಗಲು ಜಾಗ. ಗಾಡಿ ಹೊರಟ ಹತ್ತೇ ನಿಮಿಷದಲ್ಲಿ ಎಲ್ಲರೂ ಚಪ್ಪಲಿ, ಮನೆಯ ಉಡುಪಿಗೆ ಬದಲಾಗುತ್ತಾರೆ. ಡಬ್ಬಿಯ ತುದಿಯಲ್ಲಿ ಸದಾ ಬಿಸಿನೀರು. ಡಬ್ಬಿಯನ್ನು ನೋಡಿಕೊಳ್ಳುವ ಪ್ರವದ್ನೀತ್ಸಾಳನ್ನು ಕೇಳಿದರೆ ಲೋಹದ ಹಿಡಿಕೆಯ ಗಾಜಿನ ಲೋಟದಲ್ಲಿ ಚಹಾ ಬರುತ್ತದೆ. ಬೇಯಿಸಿದ ಮೊಟ್ಟೆ, ಸೌತೆಕಾಯಿ, ಬ್ರೆಡ್ಡು ಹೊರಬರುತ್ತವೆ, ಎದುರಿನವರಿಗೂ ಪಾಲು ಸಿಗುತ್ತದೆ. ಬೀದಿಯಲ್ಲಿ ಮುಗುಳ್ನಗದ ಜನ ಇಲ್ಲಿ ಅನುವಾದದ ಆ್ಯಪ್ ಹಿಡಿದು ಸಂಸಾರ, ಸಂಬಳ, ಹವಾಮಾನ ಎಲ್ಲವನ್ನೂ ವಿಚಾರಿಸುತ್ತಾರೆ. ಕೂಪೆ ದರ್ಜೆಯಲ್ಲಿ ನಾಲ್ವರಿಗೊಂದು ಬಾಗಿಲಿರುವ ಕೋಣೆ. ನೆಮ್ಮದಿ ಹೆಚ್ಚು, ನೋಟ ಕಡಿಮೆ. ಮಾಸ್ಕೋದಿಂದ ಕಜಾನ್‌ಗೆ ರಾತ್ರಿಯಿಡೀ ಸಾಗುವ ರೈಲು ಈ ಅನುಭವಕ್ಕೆ ಹದವಾದ ದೂರ.

ಶುಕ್ರವಾರ ಸಂಜೆಯ ಎಲೆಕ್ಟ್ರೀಚ್ಕಾ, ಅಂದರೆ ಉಪನಗರ ರೈಲು, ಇನ್ನೊಂದು ಚಿಕ್ಕ ಲೋಕ. ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಸಸಿಗಳ ಡಬ್ಬಿ, ಗುದ್ದಲಿ, ಬುಟ್ಟಿಯೊಳಗಿನ ಬೆಕ್ಕು ಸಮೇತ ಜನ ದಾಚಾಕ್ಕೆ ಹೊರಟಿರುತ್ತಾರೆ. ಭಾನುವಾರ ಸಂಜೆ ಅದೇ ಜನ ಹೂಗೊಂಚಲು, ಅಣಬೆ, ಬೆರಿಹಣ್ಣುಗಳೊಂದಿಗೆ ಮರಳುತ್ತಾರೆ. ದಾಚಾಕ್ಕೆ ಆಹ್ವಾನ ಸಿಗದವರೂ ಈ ರೈಲಿನಲ್ಲಿ ಅದರ ಅರ್ಧವನ್ನು ಕಾಣಬಹುದು.

ಕ್ಯಾಮೆರಾ, ಕಾನೂನು, ಚಳಿ

ಸಾರ್ವಜನಿಕ ಸ್ಥಳದಲ್ಲಿ ಜನಜೀವನದ ಚಿತ್ರ ತೆಗೆಯಲು ಅಡ್ಡಿಯಿಲ್ಲ. ಆದರೆ ರಷ್ಯಾದ ನಾಗರಿಕ ಸಂಹಿತೆಯ 152.1ನೇ ವಿಧಿಯ ಪ್ರಕಾರ ಒಬ್ಬ ವ್ಯಕ್ತಿಯೇ ಚಿತ್ರದ ಮುಖ್ಯ ವಿಷಯವಾಗಿದ್ದರೆ ಅದನ್ನು ಪ್ರಕಟಿಸಲು ಆ ವ್ಯಕ್ತಿಯ ಒಪ್ಪಿಗೆ ಬೇಕು. ಕ್ಯಾಮೆರಾ ತೋರಿಸಿ "ಮೋಜ್ನಾ?" (ತೆಗೆಯಬಹುದೇ?) ಎಂದು ಕೇಳಿದರೆ ಸಾಕು, ಉತ್ತರ ಮುಖದಲ್ಲೇ ತಿಳಿಯುತ್ತದೆ. ಮಾರುಕಟ್ಟೆಯಲ್ಲಿ ಮೊದಲು ಏನಾದರೂ ಕೊಂಡು ಆಮೇಲೆ ಕೇಳುವುದು ಲೇಸು. ಚರ್ಚಿನೊಳಗೆ ಹೆಂಗಸರು ತಲೆಗೆ ಬಟ್ಟೆ ಹಾಕಿಕೊಳ್ಳಬೇಕು, ಗಂಡಸರು ಟೋಪಿ ತೆಗೆಯಬೇಕು. ಪೂಜೆಯ ಹೊತ್ತಿನಲ್ಲಿ ಚಿತ್ರ ಬೇಡ. ಉಕ್ರೇನಿನೊಂದಿಗಿನ ಯುದ್ಧದ ಈ ಕಾಲದಲ್ಲಿ ಸೈನಿಕರು, ಸೇನಾ ವಾಹನಗಳು, ಪೊಲೀಸರು, ವಿದ್ಯುತ್ ಮತ್ತು ತೈಲ ಸ್ಥಾವರಗಳ ಕಡೆಗೆ ಕ್ಯಾಮೆರಾ ತಿರುಗಿಸಲೇಬಾರದು. ಡ್ರೋನನ್ನು ಮನೆಯಲ್ಲೇ ಬಿಟ್ಟು ಹೊರಡಬೇಕು. ಗಡಿಗೆ ಹತ್ತಿರದ ಪ್ರದೇಶಗಳನ್ನು ಯೋಜನೆಯಿಂದಲೇ ಕೈಬಿಡಬೇಕು.

ಲೆನ್ಸ್‌ಗಳ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಮೆಟ್ರೊ ಮತ್ತು ರೈಲುಡಬ್ಬಿಗೆ ಕಡಿಮೆ ಬೆಳಕಿನಲ್ಲೂ ಕೆಲಸ ಮಾಡುವ 35 ಎಂಎಂ ಒಂದಿದ್ದರೆ ಬಹುತೇಕ ಎಲ್ಲವೂ ಆಗುತ್ತದೆ. ಚಳಿಗಾಲದಲ್ಲಿ ಬ್ಯಾಟರಿಗಳು ಬೇಗ ಬಸವಳಿಯುವುದರಿಂದ ಇನ್ನೊಂದನ್ನು ಅಂಗಿಯ ಒಳಜೇಬಿನಲ್ಲಿ ಮೈಬಿಸಿಗೆ ಇಟ್ಟುಕೊಳ್ಳಬೇಕು. ಹಿಮದ ನಡುವೆ ಕ್ಯಾಮೆರಾ ತಾನಾಗಿ ಲೆಕ್ಕಹಾಕುವ ಎಕ್ಸ್‌ಪೋಷರ್ ಬಿಳುಪನ್ನು ಬೂದಾಗಿಸುತ್ತದೆ, ಒಂದು ಹಂತ ಏರಿಸಿಕೊಳ್ಳಬೇಕು. ಹೊರಗಿನ ಚಳಿಯಿಂದ ಬೆಚ್ಚಗಿನ ಕೋಣೆಗೆ ಬರುವ ಮುನ್ನ ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ ಒಂದೆರಡು ಗಂಟೆ ಬಿಟ್ಟರೆ ಗಾಜಿನ ಮೇಲೆ ಹನಿಗಟ್ಟುವುದಿಲ್ಲ.

ದುಡ್ಡು ಮತ್ತು ಊಟ

ಭಾರತೀಯರಿಗೆ 2023ರ ಆಗಸ್ಟ್‌ನಿಂದ ಇ-ವೀಸಾ ದೊರೆಯುತ್ತಿದೆ. ಭಾರತದ ಬ್ಯಾಂಕುಗಳು ಕೊಡುವ ವೀಸಾ, ಮಾಸ್ಟರ್‌ಕಾರ್ಡ್ ಕಂಪನಿಗಳ ಪಾವತಿ ಕಾರ್ಡುಗಳು 2022ರಿಂದ ಅಲ್ಲಿ ನಡೆಯುವುದಿಲ್ಲವಾದ್ದರಿಂದ ಕಲೆಯಿಲ್ಲದ ಹೊಸ ಡಾಲರ್ ಅಥವಾ ಯೂರೋ ನೋಟುಗಳನ್ನು ಒಯ್ದು ಬ್ಯಾಂಕಿನಲ್ಲಿ ರೂಬಲ್‌ಗೆ ಬದಲಾಯಿಸಿಕೊಳ್ಳಬೇಕು. ಮಹಾನಗರಗಳಲ್ಲಿ ಬದಲಾಯಿಸಿಕೊಂಡೇ ಸಣ್ಣ ಊರಿಗೆ ಹೊರಡುವುದು ಕ್ಷೇಮ. ಮೊಬೈಲ್ ಇಂಟರ್‌ನೆಟ್ ಅನೇಕ ನಗರಗಳಲ್ಲಿ ಆಗಾಗ ಸ್ಥಗಿತಗೊಳ್ಳುವುದರಿಂದ ನಕ್ಷೆಯನ್ನು ಫೋನಿಗೆ ಇಳಿಸಿಕೊಂಡಿರಬೇಕು, ವಸತಿಯ ವಿಳಾಸವನ್ನು ರಷ್ಯನ್ ಲಿಪಿಯಲ್ಲಿ ಕಾಗದದ ಮೇಲೆ ಬರೆದಿಟ್ಟುಕೊಂಡಿರಬೇಕು.

ಸಸ್ಯಾಹಾರಿಗಳು ಸಣ್ಣ ಊರುಗಳೆಂದರೆ ಹಿಂಜರಿಯುತ್ತಾರೆ, ಅಷ್ಟು ಅಂಜಬೇಕಾಗಿಲ್ಲ. ಎಲ್ಲ ಊರಿನಲ್ಲೂ ಸ್ತಲೋವಯಾ ಎಂಬ, ತಟ್ಟೆ ಹಿಡಿದು ಸಾಲಿನಲ್ಲಿ ನಿಂತು ಬಡಿಸಿಕೊಳ್ಳುವ ಊಟದಮನೆಗಳಿವೆ. ಗ್ರೇಚ್ಕಾ ಎಂಬ ಬಕ್‌ವೀಟ್ ಕಾಳಿನ ಅನ್ನ, ಆಲೂಗಡ್ಡೆ, ಬೀಟ್ರೂಟ್‌ನ ವಿನಗ್ರೇತ್, ಎಲೆಕೋಸು ತುಂಬಿದ ಪಿರಜ್ಕೀ ಅಲ್ಲಿ ಕಣ್ಣೆದುರೇ ಇರುವುದರಿಂದ ಬೆರಳು ತೋರಿಸಿದರೆ ಸಾಕು; ಸೂಪು ಮಾತ್ರ ಬಹುಪಾಲು ಮಾಂಸದ ಸಾರಿನಲ್ಲೇ ಆಗಿರುತ್ತದೆ. ಈಸ್ಟರ್‌ಗೆ ಮುಂಚಿನ ಸುಮಾರು ಏಳು ವಾರಗಳ ಮಹಾ ಉಪವಾಸದ ಕಾಲದಲ್ಲಿ ಅನೇಕ ಹೋಟೆಲುಗಳು ಮಾಂಸ, ಮೊಟ್ಟೆ, ಹಾಲು ಯಾವುದೂ ಇಲ್ಲದ ಪೋಸ್ತ್ನಯ್ ಊಟದ ಪಟ್ಟಿ ಇಡುತ್ತವೆ. ಆ ದಿನಗಳು ಮಾರ್ಚ್, ಏಪ್ರಿಲ್‌ನ ಕೆಸರಿನ ಕಾಲಕ್ಕೆ ಬೀಳುತ್ತವೆ. ಹೊಟ್ಟೆ ಮತ್ತು ಕ್ಯಾಮೆರಾಗಳ ನಡುವೆ ಒಂದನ್ನು ಆರಿಸಿಕೊಳ್ಳಬೇಕು. ಉಳಿದ ಕಾಲದಲ್ಲಿ ಜಾರ್ಜಿಯನ್ ಹೋಟೆಲುಗಳ ಚೀಸ್ ರೊಟ್ಟಿ ಮತ್ತು ಕಾಳಿನ ಪಲ್ಯ ಕೈಬಿಡುವುದಿಲ್ಲ.

ಹೀಗೆ ಹೊಂದಿಸಬಹುದು

ಒಂದು ವಾರ ಮಾತ್ರ ಇರುವವರು ಎರಡು ಮಹಾನಗರಗಳನ್ನೂ ಸುತ್ತುವ ಆಸೆ ಬಿಟ್ಟು ಮಾಸ್ಕೋ ಮತ್ತು ಯಾರೊಸ್ಲಾವ್ಲ್‌ಗಳನ್ನು, ಅಥವಾ ಜೂನ್ ಆದರೆ ಪೀಟರ್ಸ್‌ಬರ್ಗ್ ಒಂದನ್ನೇ ಆರಿಸಿಕೊಳ್ಳುವುದು ಉತ್ತಮ. ಹತ್ತು ಹನ್ನೆರಡು ದಿನಗಳಿದ್ದರೆ ಮಾಸ್ಕೋದಿಂದ ವಾರದ ನಡುವೆ ಸುಜ್ದಾಲ್‌ಗೆ ಹೋಗಿ ತಂಗಿ, ಮರಳಿ ಬಂದು ರಾತ್ರಿ ರೈಲಿನಲ್ಲಿ ಕಜಾನ್‌ಗೆ ಸಾಗಬಹುದು; ಸ್ಮಾರಕಗಳ ಪಟ್ಟಿಯಲ್ಲಿ ಪೀಟರ್ಸ್‌ಬರ್ಗ್ ತಪ್ಪಿಹೋದರೂ ಚಿತ್ರಗಳಲ್ಲಿ ಮನುಷ್ಯರು ಹೆಚ್ಚಿರುತ್ತಾರೆ. ವಯಸ್ಸಾದ ತಂದೆತಾಯಿಯೊಡನೆ ಹೋಗುವವರಿಗೆ ಪ್ಲಾತ್ಸ್‌ಕಾರ್ತ್‌ನ ಮೇಲಿನ ಬರ್ತು, ಸುಜ್ದಾಲ್‌ನ ಕಲ್ಲುಹಾಸು ಎರಡೂ ಕಷ್ಟ. ಅವರಿಗೆ ಎರಡು ಮಹಾನಗರಗಳೂ ನಡುವೆ ಸಪ್ಸಾನ್ ರೈಲೂ ಸರಿಯಾದ ಆಯ್ಕೆ. ಹಿಮವನ್ನೇ ನೋಡಬೇಕೆನ್ನುವವರು ಡಿಸೆಂಬರ್ ಬಿಟ್ಟು ಫೆಬ್ರವರಿಯ ಎರಡನೆಯ ಭಾಗಕ್ಕೆ ಟಿಕೆಟ್ ಮಾಡಿಸಲಿ: ಹಗಲು ಹತ್ತು ಗಂಟೆಗಳಷ್ಟಾಗಿರುತ್ತದೆ, ಹಿಮ ಇನ್ನೂ ಕರಗಿರುವುದಿಲ್ಲ, ದಿನಾಂಕ ಹೊಂದಿಬಂದರೆ ಉಪವಾಸಕ್ಕೆ ಮುಂಚಿನ ಮಾಸ್ಲೆನಿತ್ಸಾ ವಾರದಲ್ಲಿ ಸುಜ್ದಾಲ್‌ನ ಮರದ ಮನೆಗಳ ಮ್ಯೂಜಿಯಂ ಅಂಗಳದಲ್ಲಿ ಬಿಸಿ ಬ್ಲಿನಿ ದೋಸೆಗಳೂ ಹಾಡೂ ಕುಣಿತವೂ ಇರುತ್ತವೆ. ಮಾಸ್ಲೆನಿತ್ಸಾದ ದಿನಾಂಕ ಈಸ್ಟರ್‌ನೊಂದಿಗೆ ಪ್ರತಿವರ್ಷ ಬದಲಾಗುವುದರಿಂದ ಆರ್ಥೊಡಾಕ್ಸ್ ಪಂಚಾಂಗ ನೋಡಿಯೇ ವಿಮಾನದ ಟಿಕೆಟ್ ತೆಗೆಸಬೇಕು, ಸುಜ್ದಾಲ್‌ನ ಕೋಣೆಯನ್ನಂತೂ ಅದಕ್ಕೂ ಮೊದಲೇ ಕಾಯ್ದಿರಿಸಬೇಕು.